ದರ್ಜಿಯ ಹೆಸರಿನಲ್ಲಿ ಶರಣಾದವನು

ಸೋಮವಾರ ಬೆಳಗ್ಗೆ ಠಾಣೆಯ ನೆಲ ಒರೆಸಿದ ನೀರು ಇನ್ನೂ ಆರಿರಲಿಲ್ಲ. ಹಾಸಿಗೆ ಅಂಗಡಿಯ ಮುದುಕಿ ಬಾಗಿಲಲ್ಲೇ ಚಪ್ಪಲಿ ಬಿಟ್ಟು, ಗೋಡೆ ಹಿಡಿದುಕೊಂಡು ಒಳಗೆ ಬಂದಳು. ಬಟ್ಟೆಯ ಮೇಲೆ, ಹುಬ್ಬಿನ ಮೇಲೆ ಹತ್ತಿಯ ಎಳೆ ಅಂಟಿತ್ತು. ದಫೇದಾರ ಎದ್ದು ಕುರ್ಚಿ ಸರಿಸಿದ. ಈ ಠಾಣೆಗೆ ಅವಳು ಹೊಸಬಳಲ್ಲ. ಮಗ ಕೆಂಪು ದಳ ಸೇರಿ ಕಾಡು ಹತ್ತಿದ ಮೇಲೆ ಹನ್ನೆರಡು ವರ್ಷ ಇಲ್ಲಿನ ಪೊಲೀಸರು ಹೊತ್ತು ಗೊತ್ತು ನೋಡದೆ ಅವಳ ಅಂಗಡಿಗೆ ನುಗ್ಗಿದ್ದರು, ಪತ್ರ ಹುಡುಕುತ್ತ ಎಷ್ಟೋ ಹಾಸಿಗೆಗಳ ಹೊಟ್ಟೆ ಬಗೆದಿದ್ದರು.

"ಕೂತ್ಕೊಳ್ಳಿ ಅಜ್ಜಿ. ಇನ್ಮೇಲೆ ನಿಮ್ಮ ಅಂಗಡಿ ಕಡೆ ನಾವು ತಲೆ ಹಾಕಲ್ಲ. ಮಗ ಶರಣಾದನಲ್ಲ, ಎಲ್ಲ ಮುಗೀತು," ಎಂದ ದಫೇದಾರ.

"ಅದಕ್ಕೇ ಬಂದೆ. ಅವನು ನನ್ನ ಮಗ ಅಲ್ಲ."

ಒಳಗಿನ ಕೋಣೆಯಲ್ಲಿ ಕಡತ ನೋಡುತ್ತಿದ್ದ ಇನ್‌ಸ್ಪೆಕ್ಟರ್ ಪೆನ್ನು ಕೆಳಗಿಟ್ಟು ಎದ್ದು ಬಂದಳು. ಆಕೆ ಈ ಠಾಣೆಗೆ ವರ್ಗವಾಗಿ ಬಂದು ಒಂದು ವರ್ಷವೂ ಆಗಿರಲಿಲ್ಲ. ಆದರೆ ಈ ವಿಷಯ ಯಾರಿಗೆ ತಿಳಿದಿಲ್ಲ? ನಲವತ್ತು ವರ್ಷ ಬೆಟ್ಟ ಬಿಟ್ಟು ಇಳಿಯದ ಬಂಡಾಯ ಅದು. ಒಂದು ಕಡೆ ಬೆಟ್ಟದ ತುಂಬ ಪೊಲೀಸ್ ಪಡೆಯ ಶಿಬಿರ, ಇನ್ನೊಂದು ಕಡೆ ಬಂದೂಕು ಕೆಳಗಿಟ್ಟವರಿಗೆ ಮಾಫಿ, ಮನೆ, ಕಸುಬು. ಹೀಗೆ ಸರ್ಕಾರ ಎರಡೂ ಕೈಯಲ್ಲಿ ಹಿಡಿದು ಎಳೆದ ಮೇಲೆ ಕಾಡಿನಲ್ಲಿ ಉಳಿದದ್ದು ಬೆರಳೆಣಿಕೆಯ ಜನ. ಹೋದ ತಿಂಗಳು ಆಟದ ಮೈದಾನದಲ್ಲಿ ಮಂತ್ರಿಗಳ ಎದುರು ಒಂದು ಗುಂಪು ಶರಣಾಗಿತ್ತು. ಅದರಲ್ಲಿ 'ದರ್ಜಿ' ಎಂದು ಹೆಸರಾದವನೂ ಇದ್ದ. ದಳದಲ್ಲಿ ಎಲ್ಲರಿಗೂ ಅಡ್ಡಹೆಸರೇ. ಹಾಸಿಗೆಯವಳ ಮಗ ಎಲ್ಲರ ಹರಿದ ಬಟ್ಟೆ ಹೊಲಿದುಕೊಡುತ್ತಿದ್ದನಾದ್ದರಿಂದ ಅವನಿಗೆ ಆ ಹೆಸರು. ಪೊಲೀಸರ ಬಳಿ ಅವನ ಒಂದು ಫೋಟೊ ಕೂಡ ಇರಲಿಲ್ಲ.

ಶರಣಾದವರನ್ನು ಮೊದಲ ತಿಂಗಳು ಮನೆಯವರು ನೋಡುವಂತಿರಲಿಲ್ಲ. ಹಿಂದಿನ ದಿನ ಮೊದಲ ಭೇಟಿ. ಮುದುಕಿ ಪುನರ್ವಸತಿ ಕೇಂದ್ರಕ್ಕೆ ಹೋಗಿ ಬೆಂಚಿನ ಮೇಲೆ ಕೂತಿದ್ದಳು. ಬಂದವನು ಬೇರೆ ಯಾರೋ.

"ಎಷ್ಟೋ ವರ್ಷ ಆಯ್ತಲ್ಲ ಅಜ್ಜಿ. ಮುಖ ಬದಲಾಗಿರುತ್ತೆ," ಎಂದಳು ಇನ್‌ಸ್ಪೆಕ್ಟರ್.

"ಗಡ್ಡ ಬರಬಹುದು ತಾಯಿ, ಕೂದಲು ಹೋಗಬಹುದು. ಕಿವಿ ಬೇರೆ ಆಗುತ್ತಾ? ನನ್ನ ಮಗನ ಕಿವಿ ತಲೆಗೆ ಅಂಟಿಕೊಂಡಿತ್ತು. ಇವನದು ಹರಡಿಕೊಂಡಿದೆ."

"ಅವನು ಏನಂದ?"

"ಅದೇ ನನಗೆ ನಿದ್ದೆ ಕೆಡಿಸಿದ್ದು. ಅಮ್ಮಾ, ಎಡಗಾಲಿನ ನೋವು ಹೇಗಿದೆ ಅಂದ. ಮಗ ಹೊರಟುಹೋಗೋ ಸ್ವಲ್ಪ ಮುಂಚೆ ನನ್ನ ಕಾಲು ಹಿಡಕೊಂಡಿದ್ದು. ಅದು ಇವನಿಗೆ ಹೇಗೆ ಗೊತ್ತು? ನನ್ನ ಮಗನ ಪಕ್ಕದಲ್ಲಿ ಕೂತು ಕೇಳಿರಬೇಕು." ಮುದುಕಿ ಕುರ್ಚಿಯ ತುದಿಗೆ ಸರಿದಳು. "ಇವನಿಗೆ ಶಿಕ್ಷೆ ಕೊಡಿ ಅಂತ ಬಂದಿಲ್ಲ. ನನ್ನ ಮಗ ಎಲ್ಲಿ ಅಂತ ಕೇಳಿ ಹೇಳಿ."

ದೂರನ್ನು ದಫೇದಾರ ಬರೆದುಕೊಂಡ. ಹನ್ನೊಂದು ಗಂಟೆಗೆ ಎಫ್‌ಐಆರ್ ದಾಖಲಾಯಿತು. ಸದ್ಯಕ್ಕೆ ಇದ್ದ ಆರೋಪ ಒಂದೇ, ಇನ್ನೊಬ್ಬನ ಸೋಗು ಹಾಕಿ ಸರ್ಕಾರವನ್ನು ವಂಚಿಸಿದ್ದು.

ಮಧ್ಯಾಹ್ನ ಎಸ್‌ಪಿ ಸಾಹೇಬರು ಕರೆಸಿದರು. ಅವರು ಕೂಗಾಡುವವರಲ್ಲ, ಬೇಜಾರಾದರೆ ಕನ್ನಡಕ ಒರೆಸುತ್ತಾರೆ. ಆವತ್ತು ಬಹಳ ಹೊತ್ತು ಒರೆಸಿದರು. ಕಾಡಿನಲ್ಲಿ ಕೊನೆಯ ನಾಲ್ವರು ಉಳಿದಿದ್ದಾರೆ, ಸರ್ಕಾರದ ಪರವಾಗಿ ನಿವೃತ್ತ ನ್ಯಾಯಾಧೀಶರೊಬ್ಬರು ಅವರ ಜೊತೆ ಮಾತಿಗೆ ಕೂತಿದ್ದಾರೆ, ಇಂಥ ಹೊತ್ತಿನಲ್ಲಿ ಶರಣಾದವನಿಗೇ ಬೇಡಿ ಹಾಕಿದರೆ ಶರಣಾಗತಿ ಎಂಬುದೇ ಬಲೆ ಎಂದು ಅವರು ಮತ್ತೆ ಒಳಗೆ ಸರಿದುಬಿಡುತ್ತಾರೆ ಎಂದು ವಿವರಿಸಿದರು. ಸ್ವಲ್ಪ ದಿನ ತಡೆದರೆ ಆಗದೇ ಎಂದು ಕೇಳಿದರು.

"ತಡೀಬಹುದು ಸರ್. ಆದರೆ ಆ ನಾಲ್ವರಿಗೆ ಇವನು ದರ್ಜಿ ಅಲ್ಲ ಅಂತ ಗೊತ್ತಿಲ್ವಾ? ನಮಗೆ ಮಾತ್ರ ಗೊತ್ತಿಲ್ಲ," ಎಂದಳು ಇನ್‌ಸ್ಪೆಕ್ಟರ್.

ಸಾಹೇಬರು ಕನ್ನಡಕ ಹಾಕಿಕೊಂಡರು. ಸದ್ದಿಲ್ಲದೆ ತನಿಖೆ ಮಾಡಬೇಕು, ತಮಗೆ ತಿಳಿಸದೆ ಬಂಧಿಸಕೂಡದು ಎಂಬ ಷರತ್ತಿನ ಮೇಲೆ ಒಪ್ಪಿದರು.

ಪುನರ್ವಸತಿ ಕೇಂದ್ರ ಊರಾಚೆಯ ಹಳೆಯ ಹಾಸ್ಟೆಲ್ ಕಟ್ಟಡದಲ್ಲಿತ್ತು. ಕೆಳಗೆ ಮರಗೆಲಸ, ಪಂಪ್ ರಿಪೇರಿ. ಮೇಲೆ ಹೊಲಿಗೆ. ಮರುದಿನ ಇನ್‌ಸ್ಪೆಕ್ಟರ್ ಮತ್ತು ದಫೇದಾರ ಮಫ್ತಿಯಲ್ಲಿ ಹೋದಾಗ 'ದರ್ಜಿ' ಕೆಳಗೆ ಹಲಗೆಗೆ ಕೀಸುಳಿ ಹಾಕುತ್ತಿದ್ದ. ಮೂವತ್ತರ ಆಸುಪಾಸು, ತೆಳು ಮೈ, ಕಿವಿ ಮಾತ್ರ ನಿಜವಾಗಿಯೂ ಗಾಳಿಗೆ ಬಿಚ್ಚಿದ ಹಾಗಿತ್ತು. ಮೇಲಿನ ಹೊಲಿಗೆ ವಿಭಾಗಕ್ಕೆ ಕಳಿಸಿದರೆ ಇವನು ಒಪ್ಪಲೇ ಇಲ್ಲ, ಹೆಸರು ದರ್ಜಿ, ಕೈಯಲ್ಲಿ ಉಳಿ ಎಂದು ನಾವೆಲ್ಲ ನಕ್ಕಿದ್ದೆವು ಎಂದು ಮರಗೆಲಸದ ಮೇಸ್ತ್ರಿ ಹೇಳಿದ.

ದಫೇದಾರನ ಹೊಟ್ಟೆಯ ಮೇಲಿನ ಅಂಗಿ ಗುಂಡಿ ಬೆಳಗ್ಗೆಯಿಂದ ಒಂದೇ ನೂಲಿನಲ್ಲಿ ಜೋತಾಡುತ್ತಿತ್ತು. ಇನ್‌ಸ್ಪೆಕ್ಟರ್ ಅದನ್ನು ತೋರಿಸಿ, "ಇದನ್ನ ಸ್ವಲ್ಪ ಹಾಕಿಕೊಡಪ್ಪ," ಎಂದು ಮೇಲಿನಿಂದ ಸೂಜಿ ದಾರ ತರಿಸಿದಳು. ಅವನು ದಾರ ಪೋಣಿಸಲು ಒದ್ದಾಡಿದ. ಪೋಣಿಸಿದ ಮೇಲೆ ಗೋಣಿಚೀಲದ ಬಾಯಿ ಕಟ್ಟುವಂತೆ ಗುಂಡಿಯನ್ನು ಸುತ್ತಿ ಸುತ್ತಿ ಬಿಗಿದ. ಕೊನೆಗೆ ದಫೇದಾರನ ಬನಿಯನ್ನೂ ಸೇರಿಸಿ ಹೊಲಿದುಬಿಟ್ಟಿದ್ದ.

"ಇನ್ನು ಈ ಅಂಗಿ ಬಿಚ್ಚೋದು ಹೇಗೆ ಮೇಡಂ?" ಎಂದ ದಫೇದಾರ.

ಯಾರೂ ನಗಲಿಲ್ಲ. ಆ ಯುವಕ ಸೂಜಿ ಕೆಳಗಿಟ್ಟು ತನ್ನ ಕೈ ನೋಡಿಕೊಂಡ. ಹೊಲಿಯಲು ಬಾರದ್ದು ಅಪರಾಧವಲ್ಲ, ಕೋರ್ಟಿಗೆ ಸಾಕ್ಷಿಯೂ ಅಲ್ಲ. ಕೋರ್ಟಿನ ಅಪ್ಪಣೆ ಪಡೆದು ಅದೇ ವಾರ ಅವನ ರಕ್ತವನ್ನೂ ಮುದುಕಿಯ ರಕ್ತವನ್ನೂ ಪ್ರಯೋಗಾಲಯಕ್ಕೆ ಕಳಿಸಿದರು.

ವರದಿ ಬರುವುದರೊಳಗೆ ಇನ್‌ಸ್ಪೆಕ್ಟರ್ ದಳದ ನರ್ಸನ್ನು ಮಾತಾಡಿಸಿದಳು. ಅವನ ಜೊತೆಗೇ ಶರಣಾದ ಹೆಂಗಸು ಅವಳು, ಕಾಡಿನಲ್ಲಿ ಗಾಯಕ್ಕೆ ಪಟ್ಟಿ ಕಟ್ಟುತ್ತಿದ್ದಳು. ಈಗ ಕೇಂದ್ರದ ಮಹಡಿಯಲ್ಲಿ ಹೊಲಿಗೆ ಕಲಿಯುತ್ತಿದ್ದಳು. ಯಂತ್ರದ ಚಕ್ರದ ಮೇಲಿಂದ ಕೈ ತೆಗೆಯದೆಯೇ ಉತ್ತರ ಕೊಟ್ಟಳು.

"ಕೆಳಗಿರೋನು ದರ್ಜಿನಾ?"

"ಅಲ್ಲ."

"ಶರಣಾದ ದಿನ ಯಾಕೆ ಹೇಳಲಿಲ್ಲ?"

"ಯಾರೂ ಕೇಳಲಿಲ್ಲ."

"ದರ್ಜಿ ಎಲ್ಲಿ?"

ಚಕ್ರ ನಿಂತಿತು. ಎರಡು ವರ್ಷದ ಹಿಂದೆ ದರ್ಜಿಯೂ ಇವನೂ ಒಟ್ಟಿಗೆ ಅಕ್ಕಿ ತರಲು ಹೋಗಿದ್ದರು, ಇವನೊಬ್ಬನೇ ವಾಪಸು ಬಂದ ಎಂದಳು. ದರ್ಜಿ ಓಡಿಹೋದ ಎಂದು ದಳದ ನಾಯಕ ಎಲ್ಲರನ್ನೂ ಕೂರಿಸಿ ಹೇಳಿದ. ಅಷ್ಟರ ಮೇಲೆ ಆ ಮಾತು ಎತ್ತುವಂತಿರಲಿಲ್ಲ.

"ನೀನು ನಂಬಿದೆಯಾ?"

"ಅವನ ಸೂಜಿ ಡಬ್ಬಿ ನನ್ನ ಹತ್ತಿರವೇ ಇತ್ತು. ಊಟ ಬಿಟ್ಟು ಹೋಗ್ತಿದ್ದನೇನೋ, ಅದನ್ನ ಬಿಟ್ಟು ಹೋಗ್ತಿರಲಿಲ್ಲ. ಅದು ಅವರಮ್ಮ ಕೊಟ್ಟಿದ್ದು." ಅವಳು ಕಿಟಕಿಯಾಚೆ ನೋಡಿದಳು. "ಆಮೇಲೆ ಇವನು ತಿಂಗಳುಗಟ್ಟಲೆ ಯಾರ ಜೊತೆಗೂ ಮಾತಾಡಲಿಲ್ಲ. ನಾಯಕ ಜ್ವರದಲ್ಲಿ ಸತ್ತಾಗಲೂ ಇವನ ಕಣ್ಣಲ್ಲಿ ನೀರಿರಲಿಲ್ಲ. ಶರಣಾಗೋಣ ಅಂತ ಮೊದಲು ಬಾಯಿಬಿಟ್ಟವನು ಇವನೇ."

ಪ್ರಯೋಗಾಲಯದ ವರದಿ ಬಂತು. ತಾಯಿ ಮಗ ಅಲ್ಲ. ಅವನನ್ನು ವಿಚಾರಣೆಗೆಂದು ಠಾಣೆಗೆ ಕರೆಸಿ, ಕಿಟಕಿಯಿಂದ ಬೆಳಕು ಬೀಳುವ ಕೋಣೆಯಲ್ಲಿ ಕೂರಿಸಿದರು. ಇನ್‌ಸ್ಪೆಕ್ಟರ್ ವರದಿಯನ್ನು ಅವನ ಕಡೆ ತಿರುಗಿಸಿಟ್ಟಳು.

"ಹೆಸರು?"

"ದರ್ಜಿ."

"ಅದು ಇನ್ನೊಬ್ಬನದು. ನಿನ್ನದು ಹೇಳು."

ಅವನು ವರದಿಯ ಹಾಳೆಯನ್ನು ಮೆಲ್ಲನೆ ಅವಳ ಕಡೆ ಸರಿಸಿದ. ಆಮೇಲೆ ತಂದೆ ತಾಯಿ ಇಟ್ಟ ಹೆಸರು ಹೇಳಿದ. ಆಡದೆ ಎಷ್ಟು ವರ್ಷವಾಗಿತ್ತೋ, ನಾಲಿಗೆ ತಡವರಿಸಿತು.

"ದರ್ಜಿ ಎಲ್ಲಿದ್ದಾನೆ?"

"ಬೆಟ್ಟದ ಮೇಲೆ. ಕಲ್ಲುಗುಡ್ಡೆಯ ಹತ್ತಿರ. ನಾನೇ ಗುಂಡು ಹೊಡೆದಿದ್ದು."

ಉಳಿದದ್ದನ್ನು ತಾನಾಗಿಯೇ ಹೇಳಿಕೊಂಡ. ಇಬ್ಬರೂ ಒಂದೇ ಕಂಬಳಿಯಲ್ಲಿ ಮಲಗುತ್ತಿದ್ದ ಗೆಳೆಯರು. ದರ್ಜಿಗೆ ಸರ್ಕಾರದ ಘೋಷಣೆಯ ಸುದ್ದಿ ರೇಡಿಯೊದಲ್ಲಿ ಕಿವಿಗೆ ಬಿದ್ದಿತ್ತು. ನಾನು ಇಳಿದು ಹೋಗ್ತೀನಿ, ನೀನೂ ಬಾ ಎಂದು ಇವನೊಬ್ಬನ ಹತ್ತಿರ ಹೇಳಿದ್ದ. ಬೇರೆಯವರಿಗೆ ಗೊತ್ತಾದರೆ, ಕೇಳಿಯೂ ಮುಚ್ಚಿಟ್ಟೆ ಎಂದು ತನ್ನ ತಲೆಯೂ ಹೋಗುತ್ತದೆ ಎಂದು ಹೆದರಿದ ಇವನು ತಾನೇ ಹೋಗಿ ನಾಯಕನಿಗೆ ಹೇಳಿಬಿಟ್ಟ. ಬೈದು ಕಾವಲಿಗೆ ಹಾಕಬಹುದು ಎಂದುಕೊಂಡಿದ್ದ. ನಾಯಕ ಇವನ ಕೈಗೇ ಬಂದೂಕು ಕೊಟ್ಟ.

ದಫೇದಾರ ಹೇಳಿಕೆ ಬರೆದು ಮುಗಿಸಿ ಪೆನ್ನಿನ ಮುಚ್ಚಳ ಹಾಕಿದ. ಠಾಣೆಯಲ್ಲಿ ಕೊಟ್ಟ ತಪ್ಪೊಪ್ಪಿಗೆ ಕೋರ್ಟಿನಲ್ಲಿ ನಿಲ್ಲುವುದಿಲ್ಲ ಎಂದು ಇಬ್ಬರಿಗೂ ಗೊತ್ತಿತ್ತು. ಅವನು ತೋರಿಸಿದ ಜಾಗದಲ್ಲಿ ಶವ ಸಿಗಬೇಕು.

ಗುರುವಾರ ಬೆಳಗ್ಗೆ ತಹಶೀಲ್ದಾರರು, ಸರ್ಕಾರಿ ವೈದ್ಯರು, ಇಬ್ಬರು ಪಂಚರು, ಅಗೆಯುವ ಆಳುಗಳು, ಎಲ್ಲರೂ ಬೆಟ್ಟ ಹತ್ತಿದರು. ಜೀಪು ನಿಂತ ಕಡೆಯಿಂದ ಕಾಲುದಾರಿ. ಅವನು ಎಲ್ಲೂ ತಡವರಿಸದೆ ಮುಂದೆ ನಡೆದ. ಮೂರು ಬಂಡೆಗಳ ಸಂದಿನಲ್ಲಿ ಅಡುಗೆ ಒಲೆಯಷ್ಟೇ ಎತ್ತರದ ಕಲ್ಲುಗುಡ್ಡೆ ಇತ್ತು. ಅದನ್ನು ತೋರಿಸಿ, ಅದಕ್ಕೆ ಬೆನ್ನು ಹಾಕಿ ಕೂತ. ಒಂದಾಳು ಆಳ ಹೋಗುವ ಮೊದಲೇ ಮೂಳೆಗಳು ಸಿಕ್ಕವು. ಭುಜಕ್ಕೆ ಹಾಕುವ ಕ್ಯಾನ್ವಾಸ್ ಚೀಲವೊಂದು ಅರ್ಧ ಮಣ್ಣಾಗಿದ್ದರೂ ಅದರ ಪಟ್ಟಿ ಗಟ್ಟಿಯಾಗಿತ್ತು. ತಹಶೀಲ್ದಾರರ ಎದುರಿನಲ್ಲಿ ಪಂಚನಾಮೆ ಬರೆದು, ಪಂಚರ ಸಹಿ ಪಡೆದು, ಎಲ್ಲವನ್ನೂ ಸೀಲು ಮಾಡಿದರು.

ಮರುದಿನ ಮುದುಕಿಗೆ ಆ ಪಟ್ಟಿಯನ್ನು ತೋರಿಸಿದರು. ಅವಳು ಬೆರಳ ತುದಿಯಿಂದ ಹೊಲಿಗೆಯ ಮೇಲೆ ಒಂದು ಸಲ ಸವರಿದಳು.

"ಎರಡು ಮುಂದೆ, ಒಂದು ಹಿಂದೆ. ಹಾಸಿಗೆ ಅಂಚಿಗೆ ನಾವು ಹೀಗೇ ಹಾಕೋದು," ಎಂದಳು. ಆಮೇಲೆ ದಫೇದಾರ ತಂದ ನೀರನ್ನು ಕುಡಿಯದೆ ಕೈಯಲ್ಲೇ ಹಿಡಿದು ಕೂತಳು.

ಬಂಧನದ ಮಾತು ಬಂದಾಗ ಎಸ್‌ಪಿ ಸಾಹೇಬರು ಮತ್ತೆ ಕನ್ನಡಕ ತೆಗೆದರು. ಮುಚ್ಚಿಡುವುದು ಬೇಡ, ನಡೆದದ್ದನ್ನು ನಡೆದ ಹಾಗೆಯೇ ನ್ಯಾಯಾಧೀಶರ ಮೂಲಕ ಆ ನಾಲ್ವರಿಗೆ ತಿಳಿಸಿ ಎಂದು ಇನ್‌ಸ್ಪೆಕ್ಟರ್ ಕೇಳಿಕೊಂಡಳು. ಇವನನ್ನು ಹಿಡಿಯುವುದು ಬಂದೂಕು ಹಿಡಿದಿದ್ದಕ್ಕಲ್ಲ, ಬಂದೂಕು ಬಿಡಬೇಕೆಂದವನನ್ನು ಕೊಂದದ್ದಕ್ಕೆ ಎಂದಳು. ಸಾಹೇಬರು ಕೊಂಚ ಯೋಚಿಸಿ ಫೋನು ಎತ್ತಿಕೊಂಡರು. ಎರಡು ದಿನದ ಮೇಲೆ ಉತ್ತರ ಬಂತು. ನಾಲ್ವರಲ್ಲಿ ಒಬ್ಬ ಮಾತು ಮುರಿದು ಎಲ್ಲೋ ಹೊರಟುಹೋಗಿದ್ದ. ಮೂವರು ಬರಲು ಒಪ್ಪಿದ್ದರು. ಶರಣಾಗುವ ಮೊದಲು ಅವರು ಕೇಳಿದ್ದು ಒಂದೇ, ದರ್ಜಿ ಓಡಿಹೋಗಲಿಲ್ಲ ಎಂಬುದು ಖಚಿತವೇ ಎಂದು.

ಕೊಲೆ ಆರೋಪ ಸೇರಿಸಿ ಅವನನ್ನು ವಿಧಿವತ್ತಾಗಿ ಬಂಧಿಸಿದರು. ಕೋರ್ಟಿಗೆ ಹೊರಡುವ ಮುನ್ನ ಮುದುಕಿ ಠಾಣೆಗೆ ಬಂದು ಅವನನ್ನು ನೋಡಬೇಕೆಂದಳು. ನಿಯಮದಲ್ಲಿ ಅದಕ್ಕೆ ಜಾಗವಿರಲಿಲ್ಲ. ಇನ್‌ಸ್ಪೆಕ್ಟರ್ ಬಾಗಿಲು ತೆರೆದಿಟ್ಟು ಪಕ್ಕದಲ್ಲೇ ನಿಂತಳು.

"ಅವನಿಗೆ ಗೊತ್ತಾಯ್ತಾ?" ಎಂದು ಕೇಳಿದಳು ಮುದುಕಿ.

"ಇಲ್ಲಮ್ಮ. ಮುಂದೆ ನಡೀತಿದ್ದ. ಮಾತಾಡ್ತಾ ಇದ್ದ."

"ಏನು ಮಾತಾಡ್ತಿದ್ದ?"

"ಅಂಗಡಿ ಬಾಗಿಲು ಚಿಕ್ಕದು, ದೊಡ್ಡ ಹಾಸಿಗೆ ತರೋವಾಗ ಅಮ್ಮ ಒದ್ದಾಡ್ತಾಳೆ, ಹೋದಮೇಲೆ ಗೋಡೆ ಒಡೆದು ಅಗಲ ಮಾಡಿಸ್ತೀನಿ ಅಂತಿದ್ದ."

ಮುದುಕಿ ತಲೆಯಾಡಿಸಿದಳು. ಮೂಳೆ ಯಾವಾಗ ಕೊಡ್ತಾರೆ ಎಂದು ದಫೇದಾರನನ್ನು ಕೇಳಿ, ತಿಳಿದುಕೊಂಡು ಹೊರಟಳು. ದಫೇದಾರ ಅವಳನ್ನು ರಸ್ತೆ ದಾಟಿಸಿ ಬಂದ.

ಕೋರ್ಟಿಗೆ ಕೊಡುವ ವರದಿಯಲ್ಲಿ ಸೋಗು ಹಾಕಿದ ಉದ್ದೇಶದ ಕಡೆ 'ಸರ್ಕಾರದ ಸೌಲಭ್ಯದ ಆಸೆ' ಎಂದು ಬರೆದರೆ ಸಾಕು ಎಂದು ಎಸ್‌ಪಿ ಕಚೇರಿಯಿಂದ ಸೂಚನೆ ಬಂದಿತ್ತು. ಇನ್‌ಸ್ಪೆಕ್ಟರ್‌ಗೆ ಅದು ಗಂಟಲಲ್ಲಿ ಇಳಿಯಲಿಲ್ಲ. ಅವನ ಸ್ವಂತ ಹೆಸರಿನ ಮೇಲೆ ಯಾವ ಠಾಣೆಯಲ್ಲೂ ಒಂದು ಕೇಸಿರಲಿಲ್ಲ. ಅಂಥವನೊಬ್ಬ ಕಾಡಿನಲ್ಲಿದ್ದಾನೆ ಎಂದೇ ಪೊಲೀಸರಿಗೆ ತಿಳಿದಿರಲಿಲ್ಲ. ಬಂದೂಕು ಬಿಸಾಕಿ ಯಾವುದಾದರೂ ಊರಿಗೆ ಬಸ್ಸು ಹತ್ತಿದ್ದರೆ ಕೇಳುವವರಿರಲಿಲ್ಲ. ದರ್ಜಿಯ ಹೆಸರಿನ ಮೇಲೆ ಐದಾರು ಕೇಸುಗಳಿದ್ದವು. ಕೋರ್ಟಿಗೆ ಹೋಗುವ ಜೀಪಿನಲ್ಲಿ ಅವಳು ಅದನ್ನೇ ಕೇಳಿದಳು.

"ಮೈದಾನದಲ್ಲಿ ಮೇಜಿನ ಹತ್ತಿರ ಹೆಸರು ಕೇಳಿದ್ರು," ಎಂದ ಅವನು. "ಇಳಿದು ಬರ್ತೀನಿ ಅಂದಿದ್ದು ಅವನು. ಅವನ ಹೆಸರೇ ಬಾಯಿಗೆ ಬಂತು."

"ಆಮೇಲಾದರೂ ನಿಜ ಹೇಳಬಹುದಿತ್ತಲ್ಲ?"

"ಕೇಂದ್ರದಲ್ಲಿ ದಿನಾ ಬೆಳಗ್ಗೆ ಹಾಜರಿ ಕೂಗ್ತಾರೆ ಮೇಡಂ. ದರ್ಜಿ ಅಂತ ಕೂಗಿದಾಗ ಇದ್ದೀನಿ ಅಂತ ಒಬ್ಬ ಹೇಳಬೇಕಲ್ಲ."

ಇನ್‌ಸ್ಪೆಕ್ಟರ್ ಆ ಮಾತನ್ನು ಅವನು ಆಡಿದ ಹಾಗೆಯೇ ಬರೆದುಕೊಂಡಳು.

ಕೋರ್ಟಿನ ಜಗಲಿಯಲ್ಲಿ ಜನ ಹೆಚ್ಚಿರಲಿಲ್ಲ. ಜವಾನ ಹೊರಗೆ ಬಂದು ಆರೋಪಿಯ ಸ್ವಂತ ಹೆಸರು ಕೂಗಿದ, ಮತ್ತೊಮ್ಮೆ ಕೂಗಿದ. ಬೆಂಚಿನ ಮೇಲೆ ಕೂತವನು ಬೇರೆ ಯಾರೋ ಬರುತ್ತಾರೆಂಬಂತೆ ಬಾಗಿಲ ಕಡೆಗೇ ನೋಡುತ್ತಿದ್ದ. ದಫೇದಾರ ಮೊಣಕೈ ಮುಟ್ಟಿ, "ನಿನ್ನನ್ನೇ ಕಣಪ್ಪ," ಎಂದ ಮೇಲೆ ಎದ್ದು ನಿಂತ.