ಡಾಲ್ಫಿನ್‌ಗೂ ಹೆಸರಿದೆ, ನನಗಿಲ್ವಾ?

"ಹ್ವಾಯ್!... ಹ್ವಾಯ್, ನಿಮಗೇ ಹೇಳಿದ್ದು! ಒಂದ್ನಿಮಿಷ ಅಲ್ಲಾಡ್ಬೇಡಿ!"

ಅಬುಧಾಬಿಯ ಜೆಟ್ಟಿಯಲ್ಲಿ ಆಗಷ್ಟೇ ಬೋಟಿಗೆ ಕಾಲಿಟ್ಟಿದ್ದ ಹಿತಾ ಬೆಚ್ಚಿಬಿದ್ದಳು.

'ಹೋಯ್ ಅಂತೆ! ದನ ಅಟ್ಟೋ ಹಾಗೆ!'

ಕೂಗಿದವನು ಕಿವಿಗೆ ದೊಡ್ಡ ಹೆಡ್‌ಫೋನ್ ಹಾಕಿಕೊಂಡು, ನೀರಿಗೆ ಇಳಿಬಿಟ್ಟ ಮೈಕಿನ ವೈರು ಹಿಡಿದು ಕಣ್ಣು ಮುಚ್ಚಿ ಕೂತಿದ್ದ. ನೋಡೋಕೆ ಚೆನ್ನಾಗಿಯೇ ಇದ್ದ. ಆದರೆ ಆ ಹೊತ್ತಿನಲ್ಲಿ ಯಾರಾದರೂ ಕೇಳಿದ್ದರೆ ಹಿತಾ ಖಂಡಿತ ಒಪ್ಪುತ್ತಿರಲಿಲ್ಲ ಬಿಡಿ!

"ಏನ್ರೀ, ನನಗೊಂದು ಹೆಸರಿದೆ. ಹಿತಾ ಅಂತ. ಈ ಪ್ರಾಜೆಕ್ಟಿಗೆ ಸಾಫ್ಟ್‌ವೇರ್ ಬರೆಯೋಳು ನಾನೇ!"

ಅವನು ಕಣ್ಣು ತೆರೆದು ನಕ್ಕ. "ನಾನು ಸುಮಂತ್. ಸೌಂಡ್ ಎಂಜಿನಿಯರ್, ಕುಂದಾಪುರದವ. ಕೆಳಗೆ ಡಾಲ್ಫಿನ್ ಮಾತಾಡ್ತಿತ್ತು ಮಾರಾಯ್ರೆ. ನಿಮ್ಮ ಹೀಲ್ಸ್ ಸದ್ದಿಗೆ ಓಡಿಹೋಯ್ತು!"

ಮೈಸೂರಿನ ಹುಡುಗಿ, ಮೂಗಿನ ತುದಿಯಲ್ಲೇ ಕೋಪ. ಮುಖ ತಿರುಗಿಸಿ ಲ್ಯಾಪ್‌ಟಾಪ್ ತೆರೆದಳು.

ಅದು 2016. ಅಬುಧಾಬಿಯ ಸಮುದ್ರದ ಡಾಲ್ಫಿನ್‌ಗಳು ಏನು ಮಾತಾಡಿಕೊಳ್ಳುತ್ತವೆ ಅಂತ ತಿಳಿಯುವ ಕೆಲಸ. ಸುಮಂತ್ ಸದ್ದು ಹಿಡಿದು ಕೊಡಬೇಕು. ಅದರಲ್ಲಿ ಯಾವ ಶಿಳ್ಳೆ ಯಾರದ್ದು ಅಂತ ಹಿತಾಳ ಪ್ರೋಗ್ರಾಂ ಬೇರೆ ಮಾಡಬೇಕು.

ಹೆಸರಿನ ವಿಷಯದಲ್ಲಿ ಹಿತಾಳಿಗೆ ಒಂದು ಹಳೇ ಗಾಯವಿತ್ತು. ಹಿಂದಿನ ಕಂಪನಿಯಲ್ಲಿ ನಿದ್ದೆಗೆಟ್ಟು ಅವಳು ಬರೆದ ಪ್ರೋಗ್ರಾಂ ಬೇರೊಬ್ಬನ ಹೆಸರಲ್ಲಿ ಹೋಗಿತ್ತು. ಅವಳು ಬಾತ್‌ರೂಮಿನಲ್ಲಿ ನಲ್ಲಿ ಬಿಟ್ಟುಕೊಂಡು ಅತ್ತಿದ್ದಳು. ಇನ್ನೊಮ್ಮೆ ಹಾಗಾಗಲು ಬಿಡುವುದಿಲ್ಲ ಅಂತ ಅಂದೇ ತೀರ್ಮಾನ ಮಾಡಿದ್ದಳು.

ಈ ಸುಮಂತನೋ... ಬೆಳಗಾದರೆ "ಹ್ವಾಯ್, ಚಾಯ್ ಬೇಕಾ?" ಸಂಜೆಯಾದರೆ "ಹ್ವಾಯ್, ಹೊರಡುವಾ?" ಒಂದು ದಿನವಾದರೂ ಹಿತಾ ಅನ್ನಬೇಡವೇ!

ಹಾಗಂತ ಅವನು ತಂದುಕೊಡುತ್ತಿದ್ದ ಕರಕ್ ಚಾಯ್‌ನಲ್ಲಿ ಏಲಕ್ಕಿ ಅವಳಿಗೆ ಬೇಕಾದಷ್ಟೇ ಇರುತ್ತಿತ್ತು. ಬಿಸಿಲು ಅವಳ ಕಡೆಗೆ ತಿರುಗಿದರೆ ತನ್ನ ನೆರಳಿನ ಜಾಗ ಅವಳಿಗೆ ಬಿಟ್ಟುಕೊಡುತ್ತಿದ್ದ. 'ಇವನು ಒಳ್ಳೆಯವನಾ, ಒರಟನಾ?' ಅವಳಿಗೆ ಗೊತ್ತಾಗುತ್ತಲೇ ಇರಲಿಲ್ಲ!

ಒಂದು ದಿನ ಲ್ಯಾಪ್‌ಟಾಪಿನ ಪರದೆಯ ಮೇಲೆ ಅವಳಿಗೆ ಸದ್ದಿನ ಒಂದು ಗೆರೆ ಕಂಡಿತು. ಮೇಲೇರಿ, ಕೆಳಗಿಳಿದು, ಮತ್ತೆ ಮೇಲೇರುವ ಗೆರೆ.

"ಬೋಟಿನ ಎಂಜಿನ್ ಗಲಾಟೆ ಅದು. ಬಿಡಿ," ಅಂದ ಸುಮಂತ್.

"ಅಲ್ಲ ಕಣ್ರೀ! ಎಂಜಿನ್ ಹೀಗೆ ರಾಗ ಎಳೆಯುತ್ತಾ?"

ಅವಳು ಬಿಡಲಿಲ್ಲ. ಎಂಜಿನ್ ಸದ್ದನ್ನು ಸೋಸಿ ತೆಗೆಯುವಂತೆ ಪ್ರೋಗ್ರಾಂ ತಿದ್ದಿದಳು. ತಪ್ಪಿತು. ಮತ್ತೆ ತಿದ್ದಿದಳು. ಕೊನೆಗೊಂದು ಮಧ್ಯಾಹ್ನ ಉತ್ತರ ಸಿಕ್ಕಿತು! ಆ ಶಿಳ್ಳೆ ಒಂದು ಮರಿಯದ್ದು, ಬೇರೆ ಯಾವ ಡಾಲ್ಫಿನ್‌ಗೂ ಆ ರಾಗವಿಲ್ಲ. ಮರಿ ದೂರ ಹೋದಾಗ ಮಾತ್ರ ತಾಯಿ ಅದೇ ಶಿಳ್ಳೆ ಹಾಕುತ್ತಿತ್ತು. ಕೂಡಲೇ ಮರಿ ಅದೇ ರಾಗದಲ್ಲಿ ಓಗೊಡುತ್ತಿತ್ತು.

"ಹೆಸರು!" ಹಿತಾ ಕುಣಿದಾಡಿಬಿಟ್ಟಳು. "ಹೆಸರು ಹಿಡಿದು ಕರೀತಿದೆ! ನಮ್ಮಮ್ಮ ಊಟಕ್ಕೆ ಕರೆಯೋ ಥರಾನೇ!"

ಸುಮಂತ್ ಹೆಡ್‌ಫೋನ್ ತೆಗೆದಿಟ್ಟು ಎರಡೂ ಕೈ ಜೋಡಿಸಿದ. "ಸೋತೆ ಮಾರಾಯ್ರೆ! ಎಂಥಾ ಕಣ್ಣು ನಿಮ್ಮದು!"

ಅವನ ಕಣ್ಣಲ್ಲಿದ್ದ ಹೆಮ್ಮೆ ನೋಡಿ ಅವಳ ಎದೆ ಝಲ್ಲೆಂದಿತು. ಪ್ರೀತಿ ಅಂದರೆ ಇದೇನಾ?...

ಆದರೆ ಮರುವಾರ ಮೀಟಿಂಗಿನಲ್ಲಿ ಬಾಸ್ ರೇಮಂಡ್ ಬಾಂಬ್ ಹಾಕಿದರು. "ಖಾಲಿದಿಯಾ ಹೋಟೆಲಲ್ಲಿ ದೊಡ್ಡ ಸಮ್ಮೇಳನ. ವೇದಿಕೆಗೆ ಒಬ್ಬರೇ. ಸುಮಂತ್ ಮಾತಾಡ್ಲಿ. ಖಲಾಸ್."

ಹಿತಾ ಅವನತ್ತ ನೋಡಿದಳು. 'ಹೇಳು... ಇದು ಅವಳ ಕೆಲಸ ಅಂತ ಹೇಳು!'

ಸುಮಂತ್ ತಲೆ ತಗ್ಗಿಸಿ ಸುಮ್ಮನಿದ್ದ.

ಅಷ್ಟೇ! ಅವನ ಫೋನು ಎತ್ತಲಿಲ್ಲ. ಮೆಸೇಜು ಓದಲಿಲ್ಲ. ಸಮ್ಮೇಳನಕ್ಕೂ ಹೋಗುತ್ತಿರಲಿಲ್ಲ. ಆದರೆ ವಿಸಿಟ್ ವೀಸಾದಲ್ಲಿ ಬಂದಿದ್ದ ಅಮ್ಮ ಅಂಬುಜಮ್ಮ ಆಗಲೇ ರೇಷ್ಮೆ ಸೀರೆಗೆ ಇಸ್ತ್ರಿ ಹಾಕಿಟ್ಟುಕೊಂಡಿದ್ದರು.

"ನಿನ್ನ ಕೆಲಸ ಏನೂಂತ ನಾನು ನೋಡ್ಬೇಡ್ವೇನೇ?"

ಸಭಾಂಗಣದ ಪರದೆ ಮೇಲೆ ಒಂದೇ ಹೆಸರು: ಸುಮಂತ್. ಮತ್ತೆ ಅದೇ ಕಥೆ! "ಅಮ್ಮಾ, ನೀನು ಕೂತಿರು. ನನಗೆ ತಲೆನೋವು," ಅಂತ ಬಾಗಿಲ ಕಡೆ ನಡೆದಳು.

"ಹ್ವಾಯ್!"

ಮೈಕಿನಲ್ಲಿ! ಅಷ್ಟು ದೊಡ್ಡ ಸಭೆಯಲ್ಲಿ! ಬಿಳಿ ಕಂದೂರ ನಿಲುವಂಗಿ ತೊಟ್ಟ ಅರಬ್ಬರು, ಸೂಟು ತೊಟ್ಟ ವಿಜ್ಞಾನಿಗಳು ಎಲ್ಲರೂ ಕತ್ತು ತಿರುಗಿಸಿದರು.

"ಹ್ವಾಯ್, ಹೋಗ್ಬೇಡಿ!" ಅಂದ ಸುಮಂತ್. ಆಮೇಲೆ ಸಭೆಗೆ ಇಂಗ್ಲಿಷಿನಲ್ಲಿ ಹೇಳತೊಡಗಿದ: "ನನ್ನ ಕಿವಿ ಈ ಶಿಳ್ಳೆಯನ್ನು ಗಲಾಟೆ ಅಂತ ಬಿಟ್ಟುಬಿಟ್ಟಿತ್ತು. ಇದು ಹೆಸರು ಅಂತ ಕಂಡುಹಿಡಿದವರು ಬಾಗಿಲ ಹತ್ತಿರ ನಿಂತಿದ್ದಾರೆ. ಹಿತಾ ವೆಂಕಟರಾಮಯ್ಯ. ಈ ವೇದಿಕೆ ಅವರದ್ದು."

ರೇಮಂಡ್ ಮುಖ ಹುಳ್ಳಗಾಯಿತು. ಸುಮಂತ್ ಅತ್ತ ನೋಡಲೇ ಇಲ್ಲ. ಮೈಕು ಬಿಟ್ಟು ಕೆಳಗಿಳಿದು ನಿಂತ.

ಹಿತಾ ವೇದಿಕೆ ಮೇಲೇರಿದಳು. ಮೊದಲ ಮಾತು ತಡವರಿಸಿತು, ಎರಡನೆಯದು ಗಟ್ಟಿಯಾಯಿತು. ತಾಯಿ ಡಾಲ್ಫಿನ್ ಕರೆದದ್ದು, ಮರಿ ಓಗೊಟ್ಟದ್ದು ಎರಡನ್ನೂ ಕೇಳಿಸಿದಾಗ ಸಭೆ ಉಸಿರು ಬಿಗಿಹಿಡಿಯಿತು. ಆಮೇಲೆ ಚಪ್ಪಾಳೆಯೋ ಚಪ್ಪಾಳೆ!

ಪಕ್ಕದ ಅರಬ್ ಹೆಂಗಸಿನ ಕೈ ಹಿಡಿದು ಅಂಬುಜಮ್ಮ ಅಪ್ಪಟ ಕನ್ನಡದಲ್ಲಿ ಹೇಳುತ್ತಿದ್ದರು: "ನನ್ನ ಮಗಳು ಕಣಮ್ಮಾ! ನಾನು ಹೆತ್ತಿದ್ದು!"

ಆಕೆಗೆ ಎಷ್ಟು ತಿಳಿಯಿತೋ, "ಮಾಷಾ ಅಲ್ಲಾಹ್" ಅಂದು ನಕ್ಕಳು.

ಹೊರಗೆ ಕಾರಿಡಾರಿನಲ್ಲಿ ಹಿತಾ ಅವನನ್ನು ತಡೆದು ನಿಲ್ಲಿಸಿದಳು. "ಮೀಟಿಂಗಲ್ಲಿ ಯಾಕೆ ಬಾಯಿ ಬಿಡಲಿಲ್ಲ?"

"ಬಿಟ್ಟಿದ್ರೆ ನಮ್ಮಿಬ್ಬರನ್ನೂ ಬದಿಗೆ ಸರಿಸಿ ರೇಮಂಡ್ ಅವರೇ ಮಾತಾಡ್ತಿದ್ರು. ಅದನ್ನೇ ಹೇಳ್ಲಿಕ್ಕೆ ಎಷ್ಟು ಸಲ ಫೋನ್ ಮಾಡಿದೆ! ಎತ್ತಿದ್ರಾ?"

ಅವಳು ತುಟಿ ಕಚ್ಚಿಕೊಂಡಳು. "ಮತ್ತೆ... ಇಷ್ಟು ದಿನ ಒಮ್ಮೆಯೂ ನನ್ನ ಹೆಸರು ಹೇಳಲಿಲ್ಲ. ದನ ಕರೆಯೋ ಹಾಗೆ ಹೋಯ್, ಹೋಯ್..."

"ಅಯ್ಯೋ ದೇವ್ರೇ! ಹೋಯ್ ಅಲ್ಲ, ಹ್ವಾಯ್!" ಸುಮಂತ್ ತಲೆ ಚಚ್ಚಿಕೊಂಡ. "ಕುಂದಾಪುರದಲ್ಲಿ ಅದು ಮರ್ಯಾದೆ ಮಾತು! ಗೌರವ ಇದ್ದವರನ್ನು ಹೆಸರು ಹಿಡಿದು ಕರೀತೇವಾ? ನಮ್ಮಮ್ಮ ಅಪ್ಪಯ್ಯನನ್ನು ಮದುವೆಯಾದಾಗಿನಿಂದ ಕರೆಯೋದೇ ಹಾಗೆ."

ಹಿತಾಳಿಗೆ ಭೂಮಿ ಬಾಯಿಬಿಡಬಾರದೇ ಅನ್ನಿಸಿತು. ಮೀನಿನಂಥ ಪ್ರಾಣಿಯ ಮಾತು ಬಿಡಿಸಿದ ಜಾಣೆಗೆ ಕುಂದಾಪುರದ ಕನ್ನಡ ಬಿಡಿಸಲಾಗಲಿಲ್ಲವಲ್ಲ!

"ನಿಮ್ಮ ಬಗ್ಗೆ ನನಗೆ ಎಷ್ಟು ಹೆಮ್ಮೆ ಗೊತ್ತಾ?" ಅವನ ದನಿ ಮೆತ್ತಗಾಯಿತು. "ಪ್ರೀತಿನೂ ಅಷ್ಟೇ ಉಂಟು. ಒಪ್ಪಿದ್ರೆ ಹೇಳಿ. ಇಲ್ಲದಿದ್ರೂ ನಾಳೆ ಚಾಯ್ ತರ್ತೇನೆ."

ಹಿತಾ ಉತ್ತರ ಕೊಡದೆ ಅಮ್ಮನ ಕಡೆ ಹೊರಟಳು. ಸುಮಂತನ ಮುಖ ಬಾಡಿತು. ನಾಲ್ಕು ಹೆಜ್ಜೆ ಹೋದವಳು ತಿರುಗಿ ನಿಂತಳು. ಕಣ್ಣಲ್ಲಿ ನೀರು, ತುಟಿಯಲ್ಲಿ ತುಂಟ ನಗು.

"ಹ್ವಾಯ್!... ಬನ್ನಿ, ನಮ್ಮಮ್ಮನ ಪರಿಚಯ ಮಾಡಿಸ್ತೀನಿ."

"ಬಂದೆ, ಹಿತಾ!"

ಎದುರಿಗೆ ಬಂದ ಅಂಬುಜಮ್ಮ ಗಾಬರಿಯಾದರು. "ಏನೇ ಅದು, ಗಂಡಸರನ್ನ ಹೋಯ್ ಅಂತ ಕೂಗ್ತೀಯಾ? ಮರ್ಯಾದೆ ಬೇಡ್ವೇನೇ?"

"ಮರ್ಯಾದೆನೇ ಅಮ್ಮಾ ಅದು," ಅಂದಳು ಹಿತಾ. "ಇನ್ಮೇಲೆ ಜೀವನಪೂರ್ತಿ ಹಾಗೇ ಕರೆಯೋದು!"