ತಲೆಸಾಲು ಓದದ ಸ್ಕ್ರಿಪ್ಟ್

"ಕನ್ನಡಕ ಮಾಡಿಕೊಟ್ಯೋ, ತಲೆಸುತ್ತು ಮಾಡಿಕೊಟ್ಯೋ ಮಗಳೇ?"

ಅಜ್ಜಿ ಕನ್ನಡಕವನ್ನು ಕೌಂಟರಿನ ಮೇಲೆ ಕುಕ್ಕಿದರು. ಕಣ್ಣು ಪರೀಕ್ಷಿಸುವ ಹುಡುಗಿ ಎತ್ತಿ ನೋಡಿದಳು. ಎಡಗಣ್ಣಿನ ಗಾಜು ಬಲಕ್ಕೆ, ಬಲಗಣ್ಣಿನದು ಎಡಕ್ಕೆ...

"ಇನ್ನೊಂದು ಹೀಗೆ ಬಂದ್ರೆ ನಿನ್ನ ಕೆಲಸ ಹೋಯ್ತು ಅಂದ್ಕೋ," ಯಜಮಾನರು ಎಲ್ಲರೆದುರೇ ಗದರಿದರು.

ಅವಳು ಸೀದಾ ಹಿಂದಿನ ಕೋಣೆಗೆ ನುಗ್ಗಿದಳು. ಪರೀಕ್ಷೆ ಮಷಿನ್ನಿನ ಅಂಕಿಗಳನ್ನು ಕಂಪ್ಯೂಟರಿನ ಕೋಷ್ಟಕಕ್ಕೆ ತುಂಬುವ ಸ್ಕ್ರಿಪ್ಟ್ ಬರೆದವನು ಅಲ್ಲೇ ಕೂತಿದ್ದ. ಅಂಗಡಿಗೆಲ್ಲ ಅವನು ಕಂಪ್ಯೂಟರಣ್ಣ. ಅವಳು ಮಾತ್ರ ಆ 'ಅಣ್ಣ' ಅನ್ನುವುದನ್ನು ನುಂಗಿಕೊಳ್ಳುತ್ತಿದ್ದಳು!

"ನಾನು ಅಳೆದದ್ದು ಸರಿಯಾಗೇ ಇದೆ. ನಿಮ್ಮ ಡಬ್ಬದೊಳಗೆ ಹೋದ್ಮೇಲೆ ಕೆಡ್ತಿದೆ!"

"ನನ್ನ ಸ್ಕ್ರಿಪ್ಟ್ ತಪ್ಪಲ್ಲ ರೀ. ನೀವೇ ಇನ್ನೊಂದ್ಸಲ ನೋಡ್ಕೊಳ್ಳಿ."

ಮಾತು ಮುಳ್ಳಿನಂತೆ ನಾಟಿತು. ಬೇರೆ ಯಾರಾದರೂ ಅಂದಿದ್ದರೆ ಇಷ್ಟು ನೋಯುತ್ತಿರಲಿಲ್ಲವೇನೋ...

ಮಧ್ಯಾಹ್ನ ಗಾಜಿನ ಬಾಗಿಲಾಚೆ ಅವನು ಯಜಮಾನರ ಮುಂದೆ ನಿಂತಿದ್ದ. ಮಾತಿನ ನಡುವೆ ಇವಳತ್ತ ಕೈ ತೋರಿಸಿದ.

'ಮುಗೀತು. ತಪ್ಪನ್ನೆಲ್ಲ ನನ್ನ ತಲೆಗೇ ಕಟ್ಟಿದ!'

ಅವರಾಗಿ ಕಳಿಸುವ ಮೊದಲು ತಾನೇ ಹೋಗುವುದು ಮೇಲು. ಸಾಮಾನೆಲ್ಲ ಬ್ಯಾಗಿಗೆ ತುಂಬಿ ಬೀದಿಗಿಳಿದಳು.

"ನಿಲ್ಲಿ ರೀ!" ಏದುಸಿರು ಬಿಡುತ್ತ ಅವನು ಓಡಿ ಬಂದ.

"ನನ್ನ ಮೇಲೆ ಚಾಡಿ ಹೇಳಿ ಆಯ್ತಲ್ಲ, ಇನ್ನೇನು?"

"ಹೇಳಿದ್ದು ನನ್ನ ಮೇಲೇ! ಹಳೇ ಮಷಿನ್ ಬಲಗಣ್ಣಿಂದು ಮೊದಲು ಕಳಿಸುತ್ತೆ, ಈಗ ಬಂದಿರೋ ಹೊಸದು ಎಡಗಣ್ಣಿಂದು. ನಾನು ಫೈಲಿನ ತಲೆಸಾಲು, ಅಂದ್ರೆ ಯಾವ ಅಂಕಿ ಯಾವ ಕಣ್ಣಿಂದು ಅಂತ ಹೇಳೋ ಮೊದಲ ಸಾಲು, ಓದದೆ ಮೊದಲು ಬಂದದ್ದನ್ನೆಲ್ಲ ಬಲಗಣ್ಣಿನ ಕಾಲಂಗೇ ತುಂಬ್ತಿದ್ದೆ. ಈಗ ಬದಲಾಯಿಸ್ದೆ. ಮೊದಲು ಎಡಗಣ್ಣೋ ಬಲಗಣ್ಣೋ ಅನ್ನೋ ಹೆಸರು ಓದಿ, ಅದೇ ಹೆಸರಿನ ಕಾಲಂಗೆ ಹಾಕುತ್ತೆ. ಕೋಷ್ಟಕದಲ್ಲಿಲ್ಲದ ಹೆಸರು ಬಂದ್ರೆ ಸುಮ್ಮನೆ ನಿಂತುಬಿಡುತ್ತೆ."

"ಯಜಮಾನರು ಏನಂದ್ರು?"

"ಹೊಟ್ಟೆ ತುಂಬಾ ಬೈದ್ರು. ಆ ಹುಡುಗಿ ಹತ್ರ ಕ್ಷಮೆ ಕೇಳದೆ ಒಳಗೆ ಕಾಲಿಡಬೇಡ ಅಂದ್ರು."

"ಓಹೋ... ಅವರು ಹೇಳಿದ್ದಕ್ಕೆ ಬಂದ್ರಾ?"

"ಕ್ಷಮೆ ಅವರು ಹೇಳಿದ್ದು. ಓಡಿ ಬಂದದ್ದು ನಾನೇ..." ಅವನ ದನಿ ತಗ್ಗಿತು. "ನೀವಂದ್ರೆ ನಂಗೆ ತುಂಬಾ ಇಷ್ಟ ರೀ."

ಅವಳು ಬ್ಯಾಗನ್ನು ಹೆಗಲಿಂದ ಇಳಿಸಿದಳು. "ಬೆಳಿಗ್ಗೆ ನನ್ನ ಮಾತು ನಂಬಲಿಲ್ವಲ್ಲ..."

"ನಂಬಿದ್ದಕ್ಕೇ ಸ್ಕ್ರಿಪ್ಟ್ ಮತ್ತೆ ತೆಗೆದು ನೋಡಿದ್ದು. ಬಾಯಿ ಒಪ್ಪಲಿಲ್ಲ, ಅಷ್ಟೇ."

ಅವಳು ಬ್ಯಾಗನ್ನು ಅವನ ಕೈಗಿತ್ತು ಅಂಗಡಿಯತ್ತ ತಿರುಗಿದಳು.

"ಅಲ್ಲ ರೀ... ನನ್ನ ಮಾತಿಗೆ ಉತ್ತರ?"

"ಕಂಡಕಂಡವರ ಕೈಗೆ ಬ್ಯಾಗ್ ಕೊಡ್ತೀನಾ ನಾನು?"