ಮೇಟಿ ಸುತ್ತಿದ ಬೆಂಕಿ

ನೆಲದ ಮೇಲೆ ದುಂಡನೆಯ ಹಾಸು, ಅದರ ನಡುವೆ ಮೊಣಕಾಲೆತ್ತರದ ಕಂಬ. ಕಂಬದ ಬುಡದಿಂದ ಹೊರಟ ಬೆಂಕಿಯ ಕೋಲು ಪಾದದ ಎತ್ತರದಲ್ಲಿ ನಿಧಾನವಾಗಿ ಸುತ್ತುತ್ತಿತ್ತು. ಬೆಂಕಿಯೆಂದರೆ ಬರಿಯ ಬೆಳಕು, ಸುಡುವುದಿಲ್ಲ. ಕಾಲಿಗೆ ತಾಗಿದರೆ ಮಾತ್ರ, ಯಂತ್ರದ ಜೊತೆ ಬಂದ ಬೂಟಿನೊಳಗೆ ಇರುವೆ ಕಚ್ಚಿದಂತೆ ಚುರುಕ್ ಎನ್ನುತ್ತಿತ್ತು.

ಡಾ. ತಬಸ್ಸುಮ್ ನದಾಫ ಇದನ್ನು ಕಂಡುಕೊಂಡದ್ದು ಚಿಕ್ಕಂದಿನಲ್ಲಿ ಆಡಿದ ವಿಡಿಯೋ ಗೇಮಿನಿಂದ. ಆ ಆಟದಲ್ಲಿ ಇಂಥ ಬೆಂಕಿಕೋಲು ದಾರಿಗೆ ಅಡ್ಡವಾಗಿ ಸುತ್ತುತ್ತಿತ್ತು. ಹಾರಿ ದಾಟದಿದ್ದರೆ ಜೀವ ಹೋಯಿತು. ಪಾರ್ಶ್ವವಾಯು ಬಡಿದವರ ಮೆದುಳು ಕಾಲನ್ನು ಮರೆತಿರುತ್ತದೆ. ತುಸು ಭಯ, ತುಸು ಆಟ ಸೇರಿದರೆ ಅದು ಕಾಲಿನವರೆಗೆ ಹೊಸ ದಾರಿ ಮಾಡಿಕೊಳ್ಳುತ್ತದೆ ಎಂದು ಆಕೆ ನಂಬಿದ್ದಳು. 2061ರ ಹಿಂಗಾರಿಗೆ ಮುಂಚೆ ಯಂತ್ರ ಬೆಳವಲದ ಒಂದು ಹಳ್ಳಿಯ ದವಾಖಾನೆಗೆ ಬಂದಿತ್ತು.

ಎಪ್ಪತ್ಮೂರರ ಫಕೀರವ್ವನ ಎಡಗಾಲು ಎಂಟು ತಿಂಗಳಿಂದ ನೆಲ ಬಿಟ್ಟು ಏಳುತ್ತಿರಲಿಲ್ಲ, ಎಳೆದುಕೊಂಡೇ ನಡೆಯಬೇಕು. ಬರುವ ಸೋಮವಾರ ಜೋಳದ ಬಿತ್ತನೆ. ಕೂರಿಗೆಯ ಹಿಂದೆ ನಡೆದು ಮೊದಲ ಹಿಡಿ ಬೀಜ ಬಿಡುವ ಕೈ ಆಕೆಯದು. ಮದುವೆಯಾಗಿ ಬಂದಂದಿನಿಂದ ಒಂದು ವರ್ಷವೂ ತಪ್ಪಿರಲಿಲ್ಲ. ಐದು ದಿನ ಹಾರಲು ನೋಡಿ ಐದು ದಿನವೂ ಸೋತಿದ್ದಳು. ನಾಳೆ ಯಂತ್ರ ಬೇರೆ ಊರಿಗೆ ಹೊರಡುತ್ತದೆ.

"ಈ ವಯಸ್ಸಿನಾಗ ಕುಂಟಾಬಿಲ್ಲಿ ಆಡಸ್ತೀಯಲ್ಲ ಡಾಕ್ಟರವ್ವ, ನಿಮ್ಮವ್ವ ಕೇಳಿದ್ರ ಏನಂದಾಳು?"

"ಆಡ್ರಿ ಅತ್ತಿ, ನಾ ಯಾರಿಗೂ ಹೇಳಂಗಿಲ್ಲ," ಎಂದು ಸೊಸೆ ಸುಮಿತ್ರಾ ನಕ್ಕಳು.

ಫಕೀರವ್ವ ಹಾಸಿನ ಅಂಚಿನಲ್ಲಿ ಕೋಲೂರಿ ನಿಂತು, ಬೆಂಕಿ ಸುತ್ತುವುದನ್ನು ಬಹಳ ಹೊತ್ತು ನೋಡಿದಳು. ಆಮೇಲೆ ಕೂತು ಬೂಟು ಕಳಚಿ ಹೊರಗಿಟ್ಟಳು.

"ಅಯ್ಯ, ಬೂಟಿಲ್ದ ಯಂತ್ರಕ್ಕ ನಿಮ್ಮ ಕಾಲು ಗೊತ್ತಾಗಂಗಿಲ್ರಿ!" ಎಂದಳು ತಬಸ್ಸುಮ್.

"ಇದು ಕಣ ಐತವ್ವ. ನೋಡು, ನಟ್ಟನಡುವ ಮೇಟಿ. ಕಣದಾಗ ಕಾಲ್ಮರಿ ಹಾಕ್ಕೊಂಡು ಯಾರರ ಹೋಗ್ತಾರೇನು?"

ಬೆಂಕಿ ಮುಂದೆ, ಆಕೆ ಹಿಂದೆ. ಹುಡುಗಿಯಾಗಿದ್ದಾಗ ಮೇಟಿಗೆ ಕಟ್ಟಿದ ಎತ್ತುಗಳು ತೆನೆ ತುಳಿಯುತ್ತ ಸುತ್ತುವಾಗ ಅಪ್ಪನ ಜೊತೆ ಹೀಗೇ ಹಿಂದೆ ನಡೆದವಳು. ರಾಶಿಯಾಗಿ ಹರಡಿದ ತೆನೆಯಲ್ಲಿ ಕಾಲು ಹೂತುಹೋಗುತ್ತಿತ್ತು, ಎತ್ತೆತ್ತಿ ಇಡಬೇಕಿತ್ತು.

"ಹೋ, ನಡೀ ರಾಜಾ," ಎಂದಳು ಫಕೀರವ್ವ, ಬೆಂಕಿಗೆ.

ಪರದೆಯ ಮೇಲೆ ಅಂಕ ಸೊನ್ನೆ. ಯಂತ್ರ ನಿಲ್ಲಿಸಲು ಕೈ ಚಾಚಿದ ತಬಸ್ಸುಮ್ ಅಷ್ಟರಲ್ಲಿ ನೆಲ ನೋಡಿದಳು. ಎಡಪಾದ ಎದ್ದಿತ್ತು. ಎರಡು ಬೆರಳಿನಷ್ಟು. ಮುಂದಿನ ಸುತ್ತಿಗೆ ನಾಲ್ಕು.

"ನೀವು ಹಾರ್ಲೇ ಇಲ್ಲಲ್ರಿ!"

"ಎತ್ತನ್ನ ಯಾರರ ಹಾರ್ತಾರೇನವ್ವ? ಅದರ ಹಿಂದ ಹೋಗೂದು."

ಸೋಮವಾರ ಸುಮಿತ್ರಾಳ ಹೆಗಲು ಹಿಡಿದು ಫಕೀರವ್ವ ಒಂದು ಸಾಲು ಬಿತ್ತಿದಳು. ಎರಡನೆಯ ಸಾಲಿಗೆ ಬದುವಿನ ಮೇಲೆ ಕೂತಳು.

ತಬಸ್ಸುಮ್ ಯಂತ್ರವನ್ನು ಬಿಚ್ಚಿ, ಬೂಟಿನಲ್ಲಿದ್ದ ಸಂವೇದಕಗಳನ್ನು ನೆಲದ ಹಾಸಿನೊಳಗೇ ಹೊಲಿಸಿದಳು. ಬೆಂಕಿಯನ್ನು ಹಾರಿದವರ ಜೊತೆಗೆ, ಅದರ ಹಿಂದೆ ನಡೆದವರೂ ಗೆದ್ದಂತೆ ಲೆಕ್ಕ ತಿದ್ದಿದಳು. ಅಂದಿನಿಂದ ಯಾವ ಊರಿಗೆ ಹೋದರೂ ಆಕೆ ರೋಗಿಗೆ ಮೊದಲು ಕೇಳುವ ಪ್ರಶ್ನೆ ಒಂದೇ: "ಸಣ್ಣವರಿದ್ದಾಗ ಯಾವ ಕೆಲಸದಾಗ ಹೆಚ್ಚು ನಡದೀರಿ?"

2061ರಲ್ಲಿ ಆ ಪ್ರಶ್ನೆಗೆ ಕಣದ ಮಾತು ಹೇಳಬಲ್ಲವರು ಊರಿಗೊಬ್ಬರು ಸಿಕ್ಕರೆ ಹೆಚ್ಚು. ಇದನ್ನು ಓದುತ್ತಿರುವ ನೀವು ಇವತ್ತೇ ಕೇಳಿದರೆ, ಓಣಿಗೆ ನಾಲ್ಕು ಮಂದಿ ಇದ್ದಾರೆ.